ಗೋದಲಿಗೆ ಏನು, ಎಷ್ಟು? ಮೆಲುಕು ಹಾಕುವ ಜಾನುವಾರುಗಳ ಪೋಷಣೆ: ಒಂದು ಸಮೀಕ್ಷೆ

ಹಸು, ಎಮ್ಮೆ, ಕುರಿ, ಮೇಕೆಗಳಿಗೆ ದಿನಕ್ಕೆ ಏನು ಹಾಕಬೇಕು, ಎಷ್ಟು ಹಾಕಬೇಕು? ಪಶು ಆಹಾರ ವಿಜ್ಞಾನ ಬೆಳೆದದ್ದೇ ಈ ಪ್ರಶ್ನೆಯ ಸುತ್ತ. ನೂರೈವತ್ತು ವರ್ಷ ಮೀರಿದ ಅಧ್ಯಯನದ ಬಳಿಕವೂ ಉತ್ತರಗಳು ಒಂದಕ್ಕೊಂದು ತಾಳೆಯಾಗಿಲ್ಲ. ಲೆಕ್ಕವನ್ನು ಯಾರ ಹೆಸರಿನಲ್ಲಿ ಬರೆಯಬೇಕು ಎಂಬಲ್ಲೇ ಭಿನ್ನಾಭಿಪ್ರಾಯವಿದೆ. ಒಬ್ಬರು ಪ್ರಾಣಿಯ ಮೈತೂಕ, ಹಾಲಿನ ಲೆಕ್ಕ ಹಿಡಿಯುತ್ತಾರೆ. ಇನ್ನೊಬ್ಬರು ಅದರ ಹೊಟ್ಟೆಯೊಳಗಿನ ಸೂಕ್ಷ್ಮಾಣುಗಳದ್ದು. ಮತ್ತೊಬ್ಬರು ಸಾಕುವವರ ಜೇಬಿನದು. ಕೆಲವರು ಮೇವು ಬೆಳೆಯುವ ನೆಲದ್ದು.

ದೆಹಲಿಯ ಆಗ್ನೇಯ ಅಂಚಿನ ಓಖ್ಲಾದಲ್ಲಿ ಈ ಲೆಕ್ಕಗಳೆಲ್ಲ ಒಂದೇ ಕಡೆ ಎದುರಾಗುತ್ತವೆ. ಯಮುನೆಯ ಬ್ಯಾರೇಜು, ಅಲ್ಲಿಂದ ಹೊರಡುವ ಆಗ್ರಾ ಕಾಲುವೆ, ಕಾರ್ಖಾನೆಗಳ ಸಾಲು, ಹಣ್ಣು ತರಕಾರಿ ಮಂಡಿ, ಕಸದ ಗುಡ್ಡ ಎಲ್ಲವೂ ಕೆಲವೇ ಕಿಲೊಮೀಟರುಗಳೊಳಗಿವೆ. ಹತ್ತಿರದ ಮದನ್‌ಪುರ್ ಖಾದರ್ ದೆಹಲಿಯ ಅಧಿಕೃತ ಡೈರಿ ಕಾಲೊನಿಗಳಲ್ಲೊಂದು. ಅಲ್ಲಿ ಮೇವು ಬೆಳೆಯಲು ಡೈರಿಯವರಿಗೆ ನೆಲವಿಲ್ಲ; ಹೆಚ್ಚುಕಡಿಮೆ ಪ್ರತಿ ಹಿಡಿಯನ್ನೂ ದುಡ್ಡು ಕೊಟ್ಟೇ ತರಬೇಕು. ಕರ್ನಾಟಕದ ಹಳ್ಳಿಯಲ್ಲಿ ಬಣವೆ, ಬದುವಿನ ಹುಲ್ಲು, ಗೋಮಾಳಗಳ ನಡುವೆ ಮಸುಕಾಗುವ ವಾದಗಳು ಅಲ್ಲಿ ನಿಚ್ಚಳವಾಗಿ ಕಾಣುತ್ತವೆ.

ಹೊಟ್ಟೆಯೊಳಗಿನ ಕೆಲಸ

ಮೆಲುಕು ಹಾಕುವ ಪ್ರಾಣಿಯ ಜಠರಕ್ಕೆ ನಾಲ್ಕು ಕೋಣೆ. ಮೊದಲನೆಯದಾದ ರೂಮೆನ್ ಅತಿ ದೊಡ್ಡದು. ಬೆಳೆದ ಹಸುವಿನಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ದೋಸೆ ಹಿಟ್ಟು ಹುದುಗುವಂತೆ ಅಲ್ಲಿ ಮೇವು ಹುದುಗುತ್ತದೆ, ಆದರೆ ಗಾಳಿಯಿಲ್ಲದ ಸ್ಥಿತಿಯಲ್ಲಿ, ಬ್ಯಾಕ್ಟೀರಿಯಾ, ಪ್ರೊಟೊಜೋವಾ, ಶಿಲೀಂಧ್ರಗಳ ಕೈಯಲ್ಲಿ. ಒಂದು ಮಿಲಿಲೀಟರ್ ರೂಮೆನ್ ರಸದಲ್ಲಿ ಬ್ಯಾಕ್ಟೀರಿಯಾಗಳೇ ನೂರಾರು ಕೋಟಿ. ಮನುಷ್ಯನಿಗೆ ಜೀರ್ಣವಾಗದ ನಾರನ್ನು ಇವು ಒಡೆದು ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳನ್ನಾಗಿ ಮಾಡುತ್ತವೆ. ಪ್ರಾಣಿಗೆ ದೊರೆಯುವ ಶಕ್ತಿಯ ಮುಕ್ಕಾಲರಷ್ಟು ಈ ಆಮ್ಲಗಳಿಂದಲೇ. ಸೂಕ್ಷ್ಮಾಣುಗಳು ಮುಂದಿನ ಕೋಣೆಗಳಿಗೆ ಸಾಗಿ ಜೀರ್ಣವಾದಾಗ ಅವುಗಳ ದೇಹವೇ ಹಸುವಿಗೆ ಪ್ರೋಟೀನು.

ಹಾಗಾಗಿ ಗೋದಲಿಗೆ ಸುರಿದದ್ದೆಲ್ಲ ನೇರವಾಗಿ ದನಕ್ಕೆ ಸೇರುವುದಿಲ್ಲ. ಒಣಹುಲ್ಲಿನಲ್ಲಿ ಪ್ರೋಟೀನು ನೂರಕ್ಕೆ ಮೂರೋ ನಾಲ್ಕೋ ಪಾಲು. ರೂಮೆನ್ ಚೆನ್ನಾಗಿ ಕೆಲಸ ಮಾಡಲು ಒಟ್ಟು ಆಹಾರದಲ್ಲಿ ಏಳೆಂಟು ಪಾಲಾದರೂ ಬೇಕು. ಅದಕ್ಕಿಂತ ಕಡಿಮೆಯಾದರೆ ಸೂಕ್ಷ್ಮಾಣುಗಳು ಸೊರಗುತ್ತವೆ, ಹುಲ್ಲು ನಿಧಾನವಾಗಿ ಕರಗುತ್ತದೆ, ಹೊಟ್ಟೆ ತುಂಬಿದಂತೆಯೇ ಇರುತ್ತದೆ, ಪ್ರಾಣಿ ಮತ್ತೆ ಬಾಯಿ ಹಾಕುವುದಿಲ್ಲ. ಎದುರಿಗೆ ಹುಲ್ಲಿನ ರಾಶಿಯಿದ್ದೂ ದನ ಬಡಕಲಾಗುವುದು ಹೀಗೆ. ತದ್ವಿರುದ್ಧವಾಗಿ ನುಚ್ಚು, ಹಿಟ್ಟು, ಅನ್ನವನ್ನು ಒಮ್ಮೆಲೇ ಹೆಚ್ಚು ಹಾಕಿದರೆ ಹುಳಿ ಏರಿ ನಾರು ಒಡೆಯುವ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಮದುವೆ ಮನೆಯ ಉಳಿದ ಅನ್ನ ತಿಂದು ಹಸು ಮಲಗಿಬಿಟ್ಟ ಪ್ರಕರಣಗಳನ್ನು ನೋಡದ ಹಳ್ಳಿಯ ಪಶುವೈದ್ಯರು ಸಿಗುವುದು ಕಷ್ಟ.

ಕೋಷ್ಟಕಗಳ ಚರಿತ್ರೆ

ಮೊದಲ ಪಕ್ಷ ಕೋಷ್ಟಕದ್ದು; ಅದು ಹುಟ್ಟಿದ್ದು ಜರ್ಮನಿಯಲ್ಲಿ. 1860ರ ದಶಕದಲ್ಲಿ ವೀಂಡೆಯಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮಾನ್ ಮೇವನ್ನು ತೇವಾಂಶ, ಬೂದಿ, ಕಚ್ಚಾ ಪ್ರೋಟೀನು, ಕೊಬ್ಬು, ನಾರು ಎಂದು ವಿಂಗಡಿಸುವ ಕ್ರಮ ರೂಪಿಸಿದರು. ಪಶು ಆಹಾರದ ಚೀಲದ ಮೇಲೆ ಇಂದಿಗೂ ಅಚ್ಚಾಗುವ ಅಂಕಿಗಳಲ್ಲಿ ಹೆಚ್ಚಿನವು ಅದೇ ಕ್ರಮದವು. ಮುಂದೆ ಕೆಲ್ನರ್ ಎಲ್ಲ ಮೇವನ್ನೂ ಪಿಷ್ಟದ ಸಮಾನ ತೂಕಕ್ಕೆ ಇಳಿಸಿ ಅಳೆದರು. ಅಮೆರಿಕದಲ್ಲಿ ಜೀರ್ಣವಾಗುವ ಒಟ್ಟು ಪೋಷಕಾಂಶದ ಅಳತೆ ಚಾಲ್ತಿಗೆ ಬಂತು. 1960ರ ದಶಕದಲ್ಲಿ ವಾನ್ ಸೂಸ್ಟ್ ನಾರನ್ನು ಡಿಟರ್ಜೆಂಟ್ ದ್ರಾವಣಗಳಿಂದ ಬೇರ್ಪಡಿಸುವ ಕ್ರಮ ತಂದ ಮೇಲೆ, ಒಂದೇ ಹೆಸರಿನಡಿ ಅಡಗಿದ್ದ ಕರಗುವ ನಾರು, ಕರಗದ ನಾರು ಬೇರೆಬೇರೆಯಾಗಿ ಕಂಡವು.

ಭಾರತದಲ್ಲಿ ಈ ಕೆಲಸದ ಮೊದಲ ನೆಲೆಗಳಲ್ಲಿ ಬೆಂಗಳೂರು ಒಂದು. 1923ರಲ್ಲಿ ಆರಂಭವಾದ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನು ಸಂಸ್ಥೆಯಲ್ಲಿ ಶಾರೀರಿಕ ರಸಾಯನಶಾಸ್ತ್ರಜ್ಞರಾಗಿದ್ದ ಎಫ್. ಜೆ. ವಾರ್ತ್ ಇಲ್ಲಿನ ದನ, ಇಲ್ಲಿನ ಮೇವುಗಳ ಮೇಲೆಯೇ ಪ್ರಯೋಗ ನಡೆಸಿದರು. 1927ರಲ್ಲಿ ಬೆಂಗಳೂರಿನಲ್ಲಿದ್ದ ಗಾಂಧೀಜಿ ಇದೇ ಸಂಸ್ಥೆಗೆ ಬಂದು ಗೋಪಾಲನೆ ಕಲಿತರು. ಮುಖ್ಯ ಸಂಸ್ಥೆ 1955ರಲ್ಲಿ ಕರ್ನಾಲಿಗೆ ಹೋಯಿತು, ಬೆಂಗಳೂರಿನಲ್ಲಿ ದಕ್ಷಿಣದ ಶಾಖೆ ಉಳಿಯಿತು. ಆಡುಗೋಡಿಯಲ್ಲಿ 1995ರಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ತೆರೆಯಿತು. ಭಾರತೀಯ ಕೃಷಿ ಸಂಶೋಧನಾ ಮಂಡಳಿ 1985, 1998 ಮತ್ತು 2013ರಲ್ಲಿ ಪೋಷಕಾಂಶ ಅಗತ್ಯಗಳ ಕೋಷ್ಟಕಗಳನ್ನು ಪ್ರಕಟಿಸಿತು. ನಮ್ಮ ದನ ಗಾತ್ರದಲ್ಲಿ ಸಣ್ಣದು, ಸೆಕೆಯಲ್ಲಿ ಬದುಕುವಂಥದ್ದು, ಒಣಮೇವಿನ ಮೇಲೆ ನಿಂತದ್ದು. ಅಮೆರಿಕದ ಕೋಷ್ಟಕ ಇಲ್ಲಿಗೆ ಒಗ್ಗದು ಎಂಬುದು ಇವುಗಳ ಹಿಂದಿನ ವಾದ.

ಕೋಷ್ಟಕದ ಪಕ್ಷ ಕೊಡುವುದು ಖಚಿತ ಲೆಕ್ಕ. 400 ಕೆ.ಜಿ. ತೂಗುವ, ದಿನಕ್ಕೆ 10 ಲೀಟರ್ ಕರೆಯುವ ಮಿಶ್ರತಳಿ ಹಸುವಿಗೆ ಮೈತೂಕದ ನೂರಕ್ಕೆ ಮೂರರಂತೆ ಸುಮಾರು 12 ಕೆ.ಜಿ. ಒಣಪದಾರ್ಥ ಬೇಕು. 4 ಕೆ.ಜಿ. ರಾಗಿ ಹುಲ್ಲು, 20 ಕೆ.ಜಿ. ಹಸಿ ನೇಪಿಯರ್, 5 ಕೆ.ಜಿ. ಪಶು ಆಹಾರ ಕೊಟ್ಟರೆ ನೀರಿನಂಶ ಕಳೆದು ಲೆಕ್ಕ ಅಲ್ಲಿಗೆ ಕೂಡುತ್ತದೆ. ಹಾಲಿನ ಸೊಸೈಟಿಗಳಲ್ಲಿ ಹೆಚ್ಚುಕಡಿಮೆ ಇದೇ ಲೆಕ್ಕ ಬಾಯಿಮಾತಿನ ಸೂತ್ರವಾಗಿದೆ: ಮೈ ಉಳಿಸಿಕೊಳ್ಳಲು ಒಂದೂವರೆ ಕೆ.ಜಿ. ಪಶು ಆಹಾರ, ಅದರ ಮೇಲೆ ಹಸುವಿಗಾದರೆ ಎರಡೂವರೆ ಲೀಟರ್ ಹಾಲಿಗೆ, ಎಮ್ಮೆಗಾದರೆ ಎರಡು ಲೀಟರಿಗೆ ಒಂದೊಂದು ಕೆ.ಜಿ. ಎಮ್ಮೆಯ ಹಾಲಿನಲ್ಲಿ ಜಿಡ್ಡು ಹೆಚ್ಚು, ಅದಕ್ಕೇ ಈ ವ್ಯತ್ಯಾಸ.

ಈ ಪಕ್ಷದ ದೌರ್ಬಲ್ಯ ಕೊಟ್ಟಿಗೆಯಲ್ಲಿ ಬಯಲಾಗುತ್ತದೆ. ಅಲ್ಲಿ ತಕ್ಕಡಿಯಿಲ್ಲ. ಹುಲ್ಲನ್ನು ಹೊರೆಯಲ್ಲಿ, ಬೂಸವನ್ನು ಡಬ್ಬದಲ್ಲಿ, ಹಸುವಿನ ತೂಕವನ್ನು ಕಣ್ಣಂದಾಜಿನಲ್ಲಿ ಅಳೆಯುತ್ತಾರೆ. ಈ ಕಂದಕ ಮುಚ್ಚಲು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹಳ್ಳಿಗೊಬ್ಬ ಸ್ಥಳೀಯರಿಗೆ ತರಬೇತಿ ಕೊಟ್ಟು, ಹಸುವಿನ ಎದೆಸುತ್ತು ಅಳೆದು, ಮನೆಯಲ್ಲಿರುವ ಮೇವನ್ನೇ ಹೊಂದಿಸಿ ಕಡಿಮೆ ಖರ್ಚಿನ ಪಡಿತರ ಸೂಚಿಸುವ ಕಾರ್ಯಕ್ರಮ ನಡೆಸಿತು. ರಾಷ್ಟ್ರೀಯ ಹೈನು ಯೋಜನೆಯ ಮೊದಲ ಹಂತದಲ್ಲಿ 28 ಲಕ್ಷಕ್ಕೂ ಹೆಚ್ಚು ಜಾನುವಾರು ಇದರಡಿ ಬಂದವು. ಅನೇಕ ಕಡೆ ಹೆಚ್ಚು ಹಾಕುವುದಕ್ಕಿಂತ ತಪ್ಪು ಹಾಕುವುದನ್ನು ನಿಲ್ಲಿಸಿದ್ದೇ ಲಾಭ ತಂದಿತು.

ಮೊದಲು ಸೂಕ್ಷ್ಮಾಣುಗಳಿಗೆ ಉಣಿಸಿ

ಎರಡನೆಯ ಪಕ್ಷಕ್ಕೆ ಬಲ ಕೊಟ್ಟದ್ದು ಫಿನ್ಲೆಂಡಿನ ಒಂದು ಪ್ರಯೋಗ. ಎ. ಐ. ವಿರ್ಟಾನೆನ್ ಹಸುಗಳಿಗೆ ಪ್ರೋಟೀನನ್ನೇ ಕೊಡದೆ, ಶುದ್ಧ ಪಿಷ್ಟ, ಸೆಲ್ಯುಲೋಸಿನ ಜೊತೆ ಸಾರಜನಕಕ್ಕಾಗಿ ಯೂರಿಯಾ ಮತ್ತು ಅಮೋನಿಯಂ ಲವಣ ಮಾತ್ರ ಕೊಟ್ಟು, ವರ್ಷಕ್ಕೆ ನಾಲ್ಕು ಸಾವಿರ ಕೆ.ಜಿ.ಗೂ ಮಿಕ್ಕಿ ಹಾಲು ಪಡೆದು 1966ರಲ್ಲಿ ವರದಿ ಮಾಡಿದರು. ಗೊಬ್ಬರದ ಚೀಲದಿಂದಲೂ ಸೂಕ್ಷ್ಮಾಣುಗಳು ಪ್ರೋಟೀನು ಕಟ್ಟಬಲ್ಲವು ಎಂದು ಇದರಿಂದ ಸಿದ್ಧವಾಯಿತು.

ಟಿ. ಆರ್. ಪ್ರೆಸ್ಟನ್ ಮತ್ತು ಆಸ್ಟ್ರೇಲಿಯಾದ ಆರ್. ಎ. ಲೆಂಗ್ ಈ ತಿಳಿವನ್ನು ಬಡದೇಶಗಳ ಒಣಹುಲ್ಲಿಗೆ ಅನ್ವಯಿಸಿದರು. ಹಸುವಿನ ಅಗತ್ಯವನ್ನು ಕೋಷ್ಟಕದಿಂದ ತೆಗೆದು ದುಬಾರಿ ಕಾಳು ಸುರಿಯುವ ಬದಲು, ಇರುವ ಹುಲ್ಲಿಗೆ ಕೊರತೆಯಾದುದನ್ನು ಸ್ವಲ್ಪವೇ ಸೇರಿಸಿದರೆ ರೂಮೆನ್ ತಾನೇ ಚುರುಕಾಗುತ್ತದೆ ಎಂಬುದು ಅವರ ನಿಲುವು. ಯೂರಿಯಾ, ಕಾಕಂಬಿ, ಖನಿಜ ಸೇರಿಸಿದ ನೆಕ್ಕುವ ಅಚ್ಚುಗಳು ಹೈನು ಮಂಡಳಿಯ ನೆಲೆಯಾದ ಆಣಂದಿನಿಂದ 1980ರ ದಶಕದಲ್ಲಿ ಹರಡಿದ್ದು ಹೀಗೆ. ರೂಮೆನ್‌ನಲ್ಲಿ ಕರಗದೆ ಮುಂದೆ ಸಾಗುವಂತೆ ಸಂಸ್ಕರಿಸಿದ ಹಿಂಡಿ, ಅಂದರೆ ಬೈಪಾಸ್ ಪ್ರೋಟೀನ್, ಇದೇ ಚಿಂತನೆಯ ಮರಿ.

ಹುಲ್ಲನ್ನೇ ಯೂರಿಯಾದಿಂದ ಪಳಗಿಸುವುದು ಇನ್ನೊಂದು ದಾರಿ. 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾ ಕರಗಿಸಿದ ಸುಮಾರು 50 ಲೀಟರ್ ನೀರು ಚಿಮುಕಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿ, ಮೂರು ವಾರ ಬಿಡಬೇಕು. ಬಿಚ್ಚಿದಾಗ ಹುಲ್ಲು ಹಳದಿ ತಿರುಗಿರುತ್ತದೆ, ಅಮೋನಿಯದ ಘಾಟು ಮೂಗಿಗೆ ಹೊಡೆಯುತ್ತದೆ. ಸ್ವಲ್ಪ ಹೊತ್ತು ಆರಲು ಬಿಟ್ಟರೆ ದನ ಆಸೆಯಿಂದ ತಿನ್ನುತ್ತದೆ. ಪ್ರೋಟೀನಿನ ಅಂಶ ಸುಮಾರು ಇಮ್ಮಡಿಯಾಗುತ್ತದೆ, ಜೀರ್ಣಶಕ್ತಿಯೂ ಏರುತ್ತದೆ. ಪ್ರಯೋಗಾಲಯ, ಪ್ರಾತ್ಯಕ್ಷಿಕೆ ಎಲ್ಲೆಡೆ ಗೆದ್ದ ಈ ತಂತ್ರವನ್ನು ರೈತರು ಮಾತ್ರ ಕೈಗೆತ್ತಿಕೊಳ್ಳಲಿಲ್ಲ. ಭಾರತ ಮತ್ತು ನೆದರ್ಲೆಂಡ್ಸ್ ಜಂಟಿಯಾಗಿ ನಡೆಸಿದ ಒಣಮೇವಿನ ಯೋಜನೆ ಇದರ ಕಾರಣಗಳನ್ನು ಕೆದಕಿತು. ಹುಲ್ಲು ಧಾರಾಳವಾಗಿದ್ದು ಹಸಿರು ಸಿಗದಿರಬೇಕು, ನೀರು ಮತ್ತು ಆಳು ಕೈಗೆಟುಕಬೇಕು, ಹಾಲಿಗೆ ಒಳ್ಳೆಯ ಬೆಲೆ ಇರಬೇಕು. ಇವೆಲ್ಲ ಒಟ್ಟಿಗೆ ಕೂಡಿದಾಗ ಮಾತ್ರ ಅದು ಗಿಟ್ಟುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವ ಊರಿನಲ್ಲಿ ಹುಲ್ಲಿಗೆ ನೀರು ಚಿಮುಕಿಸಿ ಎನ್ನುವುದು ಸಲ್ಲದ ಸಲಹೆ. ಯೂರಿಯಾ ಹೆಚ್ಚಾದರೆ ವಿಷ ಎಂಬ ಭಯವೂ ಬುಡವಿಲ್ಲದ್ದಲ್ಲ.

ಹಸಿರು ಮೇವಿನ ಪಕ್ಷ

ಮೂರನೆಯ ಪಕ್ಷ ಈ ರಿಪೇರಿಯನ್ನೆಲ್ಲ ಒಪ್ಪುವುದಿಲ್ಲ. ಒಳ್ಳೆಯ ಹಸಿರು ಮೇವು ಬೆಳೆದರೆ ಪ್ರೋಟೀನು, ವಿಟಮಿನ್ ಎ, ಸುಣ್ಣ ಎಲ್ಲವೂ ಅಗ್ಗವಾಗಿ ಸಿಗುತ್ತವೆ ಎನ್ನುತ್ತದೆ ಅದು. ಉತ್ತರದಲ್ಲಿ ಚಳಿಗಾಲದ ಬರ್ಸೀಮ್, ದಕ್ಷಿಣದಲ್ಲಿ ಕುದುರೆ ಮೆಂತೆ, ಅಲಸಂದೆ, ಅಗಸೆ ಸೊಪ್ಪು, ಹೈಬ್ರಿಡ್ ನೇಪಿಯರ್ ಇದರ ಆಯುಧಗಳು. ಮುಸುಕಿನ ಜೋಳವನ್ನು ಕಾಳು ಹಾಲುಗಟ್ಟಿದಾಗ ಕೊಯ್ದು ಗುಂಡಿಯಲ್ಲೋ ಚೀಲದಲ್ಲೋ ರಸಮೇವು ಮಾಡುವುದು ಈಚಿನ ವರ್ಷಗಳಲ್ಲಿ ಕರ್ನಾಟಕದಲ್ಲೂ ವ್ಯಾಪಾರವಾಗಿ ಬೆಳೆದಿದೆ. ಅಜೋಲಾ ಎಂಬ ಪುಟ್ಟ ಜಲಸಸ್ಯ ಬಂದು ಸಂಚಲನ ಮೂಡಿಸಿ ಎಷ್ಟೋ ಹಿತ್ತಿಲುಗಳಲ್ಲಿ ಒಣಗಿತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರಿರುವ ಗಿಡದಿಂದ ದೊಡ್ಡ ಹಸುವಿನ ಹೊಟ್ಟೆ ತುಂಬಿಸುವ ಲೆಕ್ಕ ಮೊದಲಿಂದಲೂ ದುರ್ಬಲ.

ಹಸಿರು ಪಕ್ಷದ ತೊಡಕು ನೆಲ. ದೇಶದ ಸಾಗುವಳಿ ಭೂಮಿಯಲ್ಲಿ ಮೇವಿನ ಬೆಳೆಗೆ ಸಿಗುವುದು ನೂರಕ್ಕೆ ನಾಲ್ಕು ಐದರಷ್ಟು ಮಾತ್ರ, ಅದೂ ದಶಕಗಳಿಂದ ಕದಲಿಲ್ಲ. ಮೂರೆಕರೆಯ ರೈತ ಟೊಮೆಟೊ ಬಿಟ್ಟು ಹುಲ್ಲು ಬೆಳೆಯಬೇಕಾದರೆ ಹಾಲಿನ ಬೆಲೆ ಅದಕ್ಕೆ ತಕ್ಕಂತಿರಬೇಕು.

ನಗರದ ನಾಂದ

ದೆಹಲಿಯ ಡೈರಿಗಳಲ್ಲಿ ಸಿಮೆಂಟಿನ ತೊಟ್ಟಿಗೆ ನಾಂದ ಎಂಬ ಹೆಸರು. ಅದರಲ್ಲಿ ಗೋಧಿ ಭೂಸಾಕ್ಕೆ ಚೋಕರ್, ಸಾಸಿವೆ ಖಲ್, ಬಿನೌಲಾ ಹಾಕಿ ನೀರು ಬೆರೆಸಿ ಕಲಸಿದ ಮೇವೇ ಸಾನಿ. ಭೂಸಾ ಅಂದರೆ ಹೊಟ್ಟು, ಚೋಕರ್ ನಮ್ಮ ಗೋಧಿ ಬೂಸ, ಖಲ್ ಹಿಂಡಿ, ಬಿನೌಲಾ ಹತ್ತಿಕಾಳು. ಗೊಂತಿನಲ್ಲಿ ಕಟ್ಟಿದವು ಹೆಚ್ಚಾಗಿ ಮುರ್ರಾ ಎಮ್ಮೆಗಳು. ಕರು ಹಾಕಿದ ಹೊಸತರಲ್ಲಿ ಹರಿಯಾಣ, ಪಶ್ಚಿಮ ಉತ್ತರ ಪ್ರದೇಶದ ಕಡೆಯಿಂದ ಕೊಂಡು ತಂದು, ಹಾಲು ಬತ್ತಿದ ಮೇಲೆ ಮಾರಿಬಿಡುವುದು ನಗರ ಡೈರಿಗಳಲ್ಲಿ ಹಳೆಯ ಪದ್ಧತಿ.

ಪೋಷಣೆಯ ಪಾಠದಲ್ಲಿ ಇದು ಅಷ್ಟಾಗಿ ಬಾರದ ಸಂಗತಿ, ಆದರೆ ಇಡೀ ಚರ್ಚೆಯ ಗಂಟು ಇಲ್ಲೇ ಇದೆ. ಕೋಷ್ಟಕ ಬರೆದವರು ಪ್ರಾಣಿಯ ಜೀವಮಾನವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು: ಈ ಸಲದ ಹಾಲು, ಮುಂದಿನ ಗರ್ಭ, ಕರುವಿನ ಬೆಳವಣಿಗೆ, ಬತ್ತಿದ ತಿಂಗಳುಗಳಲ್ಲಿ ಮೈ ತುಂಬಿಕೊಳ್ಳುವುದು. ನಗರದ ಡೈರಿಯವರ ಲೆಕ್ಕ ಒಂದು ಸೂಲಿಗೆ ಮುಗಿಯುತ್ತದೆ. ಖನಿಜ ಮಿಶ್ರಣಕ್ಕೆ ಹಾಕಿದ ದುಡ್ಡಿನ ಫಲ ಮುಂದಿನ ಬೆದೆಯಲ್ಲಿ ಕಾಣುತ್ತದೆ. ಅಷ್ಟರಲ್ಲಿ ಎಮ್ಮೆ ಬೇರೆಯವರ ಪಾಲಾಗಿರುತ್ತದೆ. ಇದನ್ನು ಅಜ್ಞಾನ ಎನ್ನಲಾಗದು. ಅವರ ಜೇಬಿಗೆ ಲೆಕ್ಕ ಸರಿಯಾಗಿಯೇ ಇದೆ, ನಷ್ಟ ಎಮ್ಮೆಯದು ಮತ್ತು ಕರುವಿನದು.

ಮಂಡಿಯ ಸೊಪ್ಪಿನ ವಿಷಯ ಇದಕ್ಕೆ ಅಂಟಿಕೊಂಡದ್ದು. ಹೂಕೋಸಿನ ಎಲೆ, ಬಟಾಣಿ ಸಿಪ್ಪೆಗಳಲ್ಲಿ ಒಣ ಲೆಕ್ಕಕ್ಕೆ ನೂರಕ್ಕೆ 17ರಿಂದ 20ರಷ್ಟು ಪ್ರೋಟೀನು ಇದೆಯೆಂದು ಲೂಧಿಯಾನದ ವಾಧ್ವಾ ಮತ್ತು ಬಕ್ಷಿ 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ ಬರೆದ ಪುಸ್ತಕ ತೋರಿಸಿತು. ಒಳ್ಳೆಯ ಬರ್ಸೀಮಿಗೆ ಇದು ಸಮ. ಮಂಡಿಯಿಂದ ನೇರವಾಗಿ ತಾಜಾ ಬಂದರೆ ಈ ತ್ಯಾಜ್ಯ ಬಂಗಾರ. ಕಸದ ಗುಡ್ಡ ಸುತ್ತಿ ಬಂದರೆ ಪ್ಲಾಸ್ಟಿಕ್ಕು, ಮೊಳೆ, ಬೂಷ್ಟು. ರೂಮೆನ್ ಸೇರಿದ ಪ್ಲಾಸ್ಟಿಕ್ ಚೀಲ ಹೊರಬರುವುದಿಲ್ಲ. ವರ್ಷಗಟ್ಟಲೆ ಗಂಟುಕಟ್ಟಿ ಜಾಗ ತಿನ್ನುತ್ತದೆ. ಗಾಜಿಪುರ ಮತ್ತು ಭಲ್ಸ್ವಾದ ಡೈರಿಗಳು ಕಸದ ಗುಡ್ಡಗಳ ಮಗ್ಗುಲಲ್ಲಿವೆ. ಅಲ್ಲಿ ಮೇಯುವ ಜಾನುವಾರಿನ ಹಾಲು ಕುಡಿಯುವವರ ಆರೋಗ್ಯದ ಬಗ್ಗೆ ದೆಹಲಿ ಹೈಕೋರ್ಟು 2024ರಲ್ಲಿ ಆತಂಕ ಸೂಚಿಸಿ, ಸ್ಥಳಾಂತರದ ಮಾತೆತ್ತಿತು. ಸ್ಥಳಾಂತರಕ್ಕೆ ಸೂಚಿಸಿದ ದೂರದ ಘೋಗಾ ಡೈರಿ ಕಾಲೊನಿಗೆ ಹೋದರೆ ಗಿರಾಕಿಗಳು ಕೈತಪ್ಪುತ್ತಾರೆ ಎಂಬುದು ಡೈರಿಯವರ ಅಳಲು.

ಸುಡುವ ಹುಲ್ಲು, ತಿನ್ನುವ ಹುಲ್ಲು

2022ರ ಮಾರ್ಚಿನ ಬಿಸಿಗಾಳಿಗೆ ಗೋಧಿ ಸೊರಗಿದಾಗ ಉತ್ತರದಲ್ಲಿ ಭೂಸಾದ ಬೆಲೆ ಏರಿತು, ಡೈರಿಗಳು ಕಂಗಾಲಾದವು. ಅದೇ ಬಯಲಿನಲ್ಲಿ ಪ್ರತಿ ಅಕ್ಟೋಬರ್, ನವೆಂಬರಿನಲ್ಲಿ ಭತ್ತದ ಹುಲ್ಲಿಗೆ ಬೆಂಕಿ ಬೀಳುತ್ತದೆ, ಹೊಗೆ ದೆಹಲಿಯ ಮೇಲೆ ಕವಿಯುತ್ತದೆ. ಇತ್ತ ಕರ್ನಾಟಕದಲ್ಲಿ ಮಂಡ್ಯ, ರಾಯಚೂರು, ದಕ್ಷಿಣ ಕನ್ನಡದ ದನಗಳಿಗೆ ಭತ್ತದ ಹುಲ್ಲೇ ಆಸರೆ.

ಭತ್ತದ ಹುಲ್ಲು ದನಕ್ಕೆ ಒಗ್ಗದು ಎಂಬ ಉತ್ತರದವರ ನೆಪ ಪೂರ್ತಿ ಸುಳ್ಳಲ್ಲ. ಭತ್ತದ ಹುಲ್ಲಿನಲ್ಲಿ ಮರಳಿನ ಅಂಶ, ಅಂದರೆ ಸಿಲಿಕಾ, ಹೆಚ್ಚು. ಆಕ್ಸಲೇಟು ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಗೋಧಿ ಹೊಟ್ಟಿನಲ್ಲೂ ಪ್ರೋಟೀನು ಮೂರೇ ಪಾಲು. ನಿಜವಾದ ಕಾರಣ ಯಂತ್ರದಲ್ಲಿದೆ. ಗೋಧಿಯ ಕಡ್ಡಿಯನ್ನು ರೀಪರ್ ಹೊಲದಲ್ಲೇ ಪುಡಿಮಾಡಿ ಕೊಡುತ್ತದೆ. ಭತ್ತದ್ದು ಕಂಬೈನ್ ಹಾದುಹೋದ ಮೇಲೆ ಉದ್ದುದ್ದ ಬಿದ್ದಿರುತ್ತದೆ, ಮುಂದಿನ ಬಿತ್ತನೆಗೆ ಎರಡು ಮೂರು ವಾರವೂ ಉಳಿದಿರುವುದಿಲ್ಲ. ಕೈಯಲ್ಲಿ ಕೊಯ್ಯುವ ಬಾಸ್ಮತಿಯ ಹುಲ್ಲನ್ನು ಅಲ್ಲಿನ ಎಮ್ಮೆಗಳೂ ತಿನ್ನುತ್ತವೆ. ರಾಗಿ ಹುಲ್ಲು ಇವೆರಡಕ್ಕಿಂತ ಮೇಲು: ಸುಣ್ಣ ಹೆಚ್ಚು, ಜೀರ್ಣವೂ ಸಲೀಸು. ಹಳೆ ಮೈಸೂರಿನ ಮನೆಗಳಲ್ಲಿ ರಾಗಿ ಹುಲ್ಲಿನ ಬಣವೆಯನ್ನು ಕರೆಯುವ ಹಸುವಿಗೆಂದು ಕಾದಿಡುವುದರಲ್ಲಿ ಅರ್ಥವಿದೆ. ತಳಿ ಆಯ್ಕೆಯಲ್ಲಿ ಕಾಳಿನ ಜೊತೆ ಹುಲ್ಲಿನ ಗುಣವನ್ನೂ ನೋಡಬೇಕು ಎಂದು ಹೈದರಾಬಾದಿನ ಇಕ್ರಿಸ್ಯಾಟ್ ಮತ್ತು ಅಂತರರಾಷ್ಟ್ರೀಯ ಪಶುಸಂಪತ್ತು ಸಂಶೋಧನಾ ಸಂಸ್ಥೆಯವರು ಜೋಳದ ದಂಟಿನ ಮೇಲೆ ಅಧ್ಯಯನ ಮಾಡಿ ವಾದಿಸಿದ್ದಾರೆ. ದಂಟಿನ ವ್ಯಾಪಾರಿಗಳು ಮೊದಲೇ ಇದನ್ನು ಬಲ್ಲರು: ಸುಲಭವಾಗಿ ಜೀರ್ಣವಾಗುವ ತಳಿಯ ದಂಟಿಗೆ ಹೈದರಾಬಾದಿನ ಮೇವಿನ ಪೇಟೆಯಲ್ಲಿ ಹೆಚ್ಚು ಬೆಲೆ ಸಿಗುತ್ತಿತ್ತು.

ಮೇವಿಗೆ ತಕ್ಕ ದನ

ಇನ್ನೊಂದು ಪಕ್ಷ ಪ್ರಶ್ನೆಯನ್ನೇ ತಿರುಗಿಸುತ್ತದೆ. ದನಕ್ಕೆ ತಕ್ಕ ಮೇವು ಹುಡುಕುವುದೇಕೆ, ಇರುವ ಮೇವಿಗೆ ತಕ್ಕ ದನ ಸಾಕಬಾರದೇ? ಮೈಸೂರು ಸೀಮೆಯ ಅಮೃತಮಹಲ್ ಕಾವಲುಗಳು ಇದಕ್ಕೆ ಹಳೆಯ ಸಾಕ್ಷಿ. ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಯಾಗಿದ್ದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿತು. ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಬೇರೆಬೇರೆ ಕಾವಲುಗಳಿಗೆ ಹಿಂಡುಗಳನ್ನು ಹೊಡೆದು ಹುಲ್ಲಿಗೆ ಬಿಡುವು ಕೊಡುತ್ತಿದ್ದರು. ಹಿಂಡಿ ಬೂಸ ಕಾಣದ ಆ ದನ ಫಿರಂಗಿ ಎಳೆಯಿತು. ಆದರೆ ಅದು ಹಾಲಿನ ದನವಲ್ಲ. ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ಸಂಶೋಧನೆ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋದ ಮೇಲೆ, ಮೇಯಿಸಿ ಎನ್ನುವ ಸಲಹೆಗೆ ಉಳಿದ ನೆಲವೂ ಕುಗ್ಗಿದೆ. ತಿಂಗಳ ಸಾಲದ ಕಂತನ್ನು ಹಾಲಿನ ಬಟವಾಡೆಯಿಂದಲೇ ಕಟ್ಟುವ ಕೋಲಾರದ ಮನೆಗೆ ಈ ಪಕ್ಷದ ಬಳಿ ಉತ್ತರವಿಲ್ಲ. ಕುರಿ ಮೇಕೆಗಳ ವಿಷಯದಲ್ಲಿ ಮಾತ್ರ ಇದರ ಮಾತೇ ಇಂದಿಗೂ ನಡೆಯುತ್ತಿದೆ.

ಖನಿಜಗಳ ಬಗ್ಗೆ ಜಗಳ ಕಡಿಮೆ. ಮಣ್ಣಿನಲ್ಲಿಲ್ಲದ್ದು ಮೇವಿನಲ್ಲಿರದು, ಮೇವಿನಲ್ಲಿಲ್ಲದ್ದು ಹಸುವಿಗಿರದು. ಆಯಾ ಪ್ರದೇಶದ ಕೊರತೆಗೆ ತಕ್ಕ ಖನಿಜ ಮಿಶ್ರಣ ಕೊಡಬೇಕೆಂಬುದನ್ನು ಎಲ್ಲರೂ ಒಪ್ಪಿದ್ದಾರೆ.

ಮೀಥೇನಿನ ಹೊಸ ಲೆಕ್ಕ

ಹುದುಗುವಿಕೆಯಲ್ಲಿ ಹುಟ್ಟುವ ಮೀಥೇನನ್ನು ದನ ತೇಗಿ ಹೊರಹಾಕುತ್ತದೆ. ತಿಂದ ಶಕ್ತಿಯಲ್ಲಿ ನೂರಕ್ಕೆ ಸುಮಾರು ಆರು ಪಾಲು ಹೀಗೆ ಸೋರುತ್ತದೆ. ಹಿಂದೆ ಇದು ನಷ್ಟದ ಒಂದು ಸಾಲು ಮಾತ್ರವಾಗಿತ್ತು, ಈಗ ಹವಾಮಾನದ ಲೆಕ್ಕಕ್ಕೂ ಸೇರಿದೆ. ಯುರೋಪಿನಲ್ಲಿ 2022ರಲ್ಲಿ ಮೀಥೇನ್ ತಗ್ಗಿಸುವ ರಾಸಾಯನಿಕವೊಂದಕ್ಕೆ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಪಶು ಪೋಷಣಾ ಸಂಸ್ಥೆ ಟ್ಯಾನಿನ್ ಇರುವ ಸಸ್ಯಗಳಿಂದ ಹರಿತ್ ಧಾರಾ ರೂಪಿಸಿತು. ಮೀಥೇನು ನೂರಕ್ಕೆ 17ರಿಂದ 20ರಷ್ಟು ತಗ್ಗುತ್ತದೆ ಎಂಬುದು ಸಂಸ್ಥೆಯ ಮಾತು. ಬರೀ ಒಣಹುಲ್ಲು ತಿಂದು ಕಡಿಮೆ ಹಾಲು ಕೊಡುವ ದನಕ್ಕಿಂತ ಸಮತೋಲ ಆಹಾರ ತಿಂದು ಚೆನ್ನಾಗಿ ಕರೆಯುವ ಹಸುವಿಗೆ ಲೀಟರ್ ಹಾಲಿಗೆ ಬೀಳುವ ಮೀಥೇನು ಕಡಿಮೆ. ಹಾಗಾಗಿ ಕೋಷ್ಟಕದ ಪಕ್ಷಕ್ಕೆ ಇಲ್ಲಿ ಹೊಸ ಆಸರೆ ಸಿಕ್ಕಿದೆ. ಲೀಟರಿನ ಲೆಕ್ಕ ಬಿಟ್ಟು ದೇಶದ ಒಟ್ಟು ಮೀಥೇನು ಕೇಳಿದರೆ ಚಿತ್ರ ಬದಲಾಗುತ್ತದೆ: 2019ರ ಗಣತಿಯಲ್ಲಿ ದನಗಳೇ 19 ಕೋಟಿ, ಎಮ್ಮೆಗಳು ಸುಮಾರು 11 ಕೋಟಿ.

ಇತ್ಯರ್ಥವಾಗದ್ದು

ಮೇವಿನ ಕೊರತೆ ಎಷ್ಟು ಎಂಬುದೇ ತೀರ್ಮಾನವಾಗಿಲ್ಲ. ಝಾನ್ಸಿಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಹಿಂದಿನ ಅಂದಾಜಿನಲ್ಲಿ ಹಸಿರು ಮೇವಿನ ಕೊರತೆ ನೂರಕ್ಕೆ 35ಕ್ಕೂ ಹೆಚ್ಚು, ಒಣಮೇವಿನದು 11ರ ಆಸುಪಾಸು. ಈಚಿನದರಲ್ಲಿ ಹಸಿರಿನದು 11, ಒಣದು 23. ಬದು, ಕಾಡು, ರಸ್ತೆಬದಿಯ ಹುಲ್ಲನ್ನು ಹೇಗೆ ಎಣಿಸುತ್ತೀರಿ ಎಂಬುದರ ಮೇಲೆ ಅಂಕಿ ನಿಂತಿದೆ. ಇಂಥ ಅಂಕಿಯ ಮೇಲೆ ನೀತಿ ಕಟ್ಟುವುದು ಧೈರ್ಯದ ಕೆಲಸ. ದೇಸಿ ತಳಿಗಳಿಗೆ ಮಿಶ್ರತಳಿಯ ಕೋಷ್ಟಕ ಎಷ್ಟರಮಟ್ಟಿಗೆ ಸಲ್ಲುತ್ತದೆ, ಒಂದೇ ಸೂಲಿಗೆ ಸಾಕುವ ನಗರ ಡೈರಿಗೆ ಯಾವ ಪ್ರಮಾಣ ಹಿಡಿಯಬೇಕು, ಮೀಥೇನ್ ತಗ್ಗಿಸುವ ಪುಡಿಗೆ ದುಡ್ಡು ಯಾರು ಕೊಡಬೇಕು ಎಂಬ ಪ್ರಶ್ನೆಗಳೂ ತೆರೆದೇ ಇವೆ.

ಸುರಕ್ಷತೆಯದು ಕೊನೆಯ ಗಂಟು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯ ಅಫ್ಲಾಟಾಕ್ಸಿನ್ ಹಾಲಿಗೂ ಇಳಿಯುತ್ತದೆ. ಭಾರತೀಯ ಮಾನಕ ಬ್ಯೂರೊ ಮಿಶ್ರ ಪಶು ಆಹಾರದಲ್ಲಿ ಅದಕ್ಕೆ ಮಿತಿ ಹಾಕಿದೆ. ಹಾಲಿನ ದನದ ಆಹಾರಕ್ಕೆ ಈ ಬ್ಯೂರೊದ ಗುರುತು ಕಡ್ಡಾಯ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಹೇಳಿತು, ಜಾರಿ ಮುಂದಕ್ಕೆ ಹೋಯಿತು. ಅದೂ ಚೀಲದಲ್ಲಿ ಬರುವ ಆಹಾರದ ಮಾತು. ದನದ ಹೊಟ್ಟೆಯ ಬಹುಪಾಲನ್ನು ತುಂಬುವ ಹುಲ್ಲು, ಹೊಟ್ಟು, ಮಂಡಿಯ ಸೊಪ್ಪಿಗೆ ಅಂಥ ಗುರುತಿನ ಪ್ರಸ್ತಾಪವೇ ಇಲ್ಲ.